ಮೊದಲು ಮಾರ್ಗ, ಆಮೇಲೆ ಮನಸ್ಸು: ಮನೆಯೊಳಗಿನ ವ್ಯಾಯಾಮ ರೂಢಿಯಾಗುವುದು ಹೇಗೆ?

ಮೊದಲ ದಿನ ಎಲ್ಲರೂ ಮಾಡುತ್ತಾರೆ. ಎರಡನೇ ದಿನವೂ ಮಾಡುತ್ತಾರೆ. ಮೂರನೇ ದಿನ ತೊಡೆ ಹಿಡಿದುಕೊಂಡಿರುತ್ತದೆ, ಆದರೂ ಹಟಕ್ಕೆ ಬಿದ್ದು ಮಾಡುತ್ತಾರೆ. ಎರಡನೇ ವಾರದ ಒಂದು ಸಂಜೆ ಕೆಲಸ ಮುಗಿಯುವುದು ತಡವಾಗುತ್ತದೆ. ‘ನಾಳೆ ಮಾಡೋಣ’ ಅಂದುಕೊಳ್ಳುತ್ತಾರೆ. ಆ ನಾಳೆ ಬರುವುದೇ ಇಲ್ಲ. ತಿಂಗಳಾದ ಮೇಲೆ ಮಂಚದ ಕೆಳಗೆ ಸುತ್ತಿಟ್ಟ ಮ್ಯಾಟ್ ಕಣ್ಣಿಗೆ ಬೀಳುತ್ತದೆ, ಮನಸ್ಸು ಚುರ್ ಅನ್ನುತ್ತದೆ.

ಆಗ ನಾವು ನಮ್ಮನ್ನೇ ಬೈದುಕೊಳ್ಳುತ್ತೇವೆ. ಸೋಮಾರಿತನ, ಆರಂಭಶೂರತನ, ಛಲ ಇಲ್ಲದವರು, ಹೀಗೆ. ನಾನೂ ವರ್ಷಗಟ್ಟಲೆ ಹಾಗೇ ಅಂದುಕೊಂಡಿದ್ದೆ. ‘ಮನಸ್ಸಿದ್ದರೆ ಮಾರ್ಗ’ ಎಂಬ ಮಾತು ಕೇಳಿಕೊಂಡೇ ಬೆಳೆದವರು ನಾವು. ಮಾರ್ಗ ಕಾಣಲಿಲ್ಲ ಅಂದರೆ ಮನಸ್ಸೇ ಇರಲಿಲ್ಲ ಅಂತ ತಾನೇ ಅರ್ಥ? ಆದರೆ ರೂಢಿಯ ಬಗ್ಗೆ ನಡೆದ ಸಂಶೋಧನೆಗಳನ್ನು ಓದುತ್ತಾ ಹೋದಂತೆ, ಮನೆಯಲ್ಲಿ ನಾನೇ ಮಾಡಿ ನೋಡಿದಂತೆ, ದಿನನಿತ್ಯದ ವ್ಯಾಯಾಮದ ಮಟ್ಟಿಗೆ ಈ ಗಾದೆಯನ್ನು ತಿರುಗಿಸಿ ಓದಬೇಕು ಅನ್ನಿಸಿತು. ಮೊದಲು ಮಾರ್ಗ ಮಾಡಿಕೊಳ್ಳಬೇಕು. ಮನಸ್ಸು ಅದರ ಹಿಂದೆ ಬರುತ್ತದೆ.

ಅದು ಹೇಗೆ ಎಂದು ಬಿಡಿಸಿ ಹೇಳುವುದೇ ಈ ಬರಹದ ಕೆಲಸ.

ಮನೆಗೆ ಹೊಸ್ತಿಲಿಲ್ಲ

ಮನೆಯೊಳಗಿನ ವ್ಯಾಯಾಮಕ್ಕೆ ಅನುಕೂಲ ಜಾಸ್ತಿ. ಮಳೆ ಬಂದರೂ ಸರಿ, ಕತ್ತಲಾದರೂ ಸರಿ. ಬಟ್ಟೆ ಹೇಗಿದೆ ಎಂದು ನೋಡುವವರಿಲ್ಲ. ಹೋಗಿ ಬರುವ ಸಮಯವೂ ಉಳಿಯುತ್ತದೆ.

ತೊಡಕು ಇರುವುದೂ ಅಲ್ಲೇ. ಜಿಮ್‌ಗೆ ಹೋಗುವವರಿಗೆ ಹೊರಡುವ ಹೊತ್ತು ಅಂತ ಒಂದಿರುತ್ತದೆ. ಶೂ ಹಾಕುತ್ತಾರೆ, ಬ್ಯಾಗ್ ಹೆಗಲಿಗೇರಿಸುತ್ತಾರೆ, ಬಾಗಿಲು ದಾಟುತ್ತಾರೆ. ಅಲ್ಲಿಗೆ ಹೋದ ಮೇಲೆ ಮಾಡಲು ಬೇರೆ ಕೆಲಸವೂ ಇರುವುದಿಲ್ಲ. ಮನೆಯಲ್ಲಿ ದಾಟಬೇಕಾದ ಹೊಸ್ತಿಲೇ ಇಲ್ಲ. ಯಾವಾಗ ಬೇಕಾದರೂ ಮಾಡಬಹುದು. ಯಾವಾಗ ಬೇಕಾದರೂ ಮಾಡಬಹುದಾದ ಕೆಲಸ ದಿನವಿಡೀ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಜೊತೆಗೆ ಮನೆಯ ಒಂದೊಂದು ಮೂಲೆಗೂ ಆಗಲೇ ಒಂದೊಂದು ರೂಢಿ ಅಂಟಿಕೊಂಡಿದೆ. ಸೋಫಾ ಕಂಡರೆ ಕೂರುತ್ತೇವೆ. ಕೂತರೆ ಕೈ ಫೋನಿಗೆ ಹೋಗುತ್ತದೆ. ಹಾಸಿಗೆ ಕಂಡರೆ ಮೈ ಸಡಿಲವಾಗುತ್ತದೆ. ಹೊಸ ರೂಢಿ ಇವುಗಳ ಮಧ್ಯೆ ತನಗೊಂದು ಜಾಗ ಹುಡುಕಿಕೊಳ್ಳಬೇಕು. ಹಾಗಾಗಿ ಮನೆಯಲ್ಲಿ ಮಾಡುವವರು ಮೊದಲು ಮಾಡಬೇಕಾದ ಕೆಲಸ ಬಸ್ಕಿಯೂ ಅಲ್ಲ, ದಂಡವೂ ಅಲ್ಲ. ಒಂದು ಹೊಸ್ತಿಲು ಕಟ್ಟಿಕೊಳ್ಳುವುದು.

ರೂಢಿ ಎಲ್ಲಿ ಕೂತಿರುತ್ತದೆ?

ಹಲ್ಲುಜ್ಜಲು ಇವತ್ತು ಮನಸ್ಸಿದೆಯೋ ಇಲ್ಲವೋ ಎಂದು ನಾವು ಕೇಳಿಕೊಳ್ಳುವುದಿಲ್ಲ. ಬಚ್ಚಲಿನ ಕನ್ನಡಿ ಕಂಡ ಕೂಡಲೇ ಕೈ ಬ್ರಶ್ ಹುಡುಕುತ್ತದೆ. ರೂಢಿ ಎಂದರೆ ಇದೇ. ಒಂದು ಸನ್ನಿವೇಶ, ಅದರ ಹಿಂದೆಯೇ ಒಂದು ಕೆಲಸ, ನಡುವೆ ಯೋಚನೆ ಇಲ್ಲ. ಈ ಸನ್ನಿವೇಶವನ್ನು ಸುಳಿವು ಎಂದು ಕರೆಯೋಣ.

ಮನಶ್ಶಾಸ್ತ್ರಜ್ಞೆ ವೆಂಡಿ ವುಡ್ ಮತ್ತು ಜೊತೆಗಾರರು ಕೆಲವು ವಿದ್ಯಾರ್ಥಿಗಳಿಗೆ ಗಂಟೆಗೊಮ್ಮೆ ತಾವು ಏನು ಮಾಡುತ್ತಿದ್ದೇವೆ, ಏನು ಯೋಚಿಸುತ್ತಿದ್ದೇವೆ ಎಂದು ಬರೆದಿಡಲು ಹೇಳಿದ್ದರು. ದಿನದ ಸುಮಾರು ಶೇ. 43ರಷ್ಟು ಕೆಲಸಗಳು ಬಹುಮಟ್ಟಿಗೆ ಪ್ರತಿದಿನ, ಅದೇ ಜಾಗದಲ್ಲಿ, ತಲೆಯಲ್ಲಿ ಬೇರೇನೋ ಓಡುತ್ತಿರುವಾಗಲೇ ನಡೆದುಹೋಗುತ್ತಿದ್ದವು. ಹತ್ತಿರ ಹತ್ತಿರ ಅರ್ಧ ದಿನ!

ಮಿದುಳಿನೊಳಗೆ ಇದು ಹೇಗೆ ಆಗುತ್ತದೆ ಎಂಬುದಕ್ಕೆ ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದಲ್ಲಿ ಆನ್ ಗ್ರೇಬಿಯೆಲ್ ಅವರ ತಂಡ ಮಾಡಿದ ಇಲಿಗಳ ಪ್ರಯೋಗ ನನಗೆ ತುಂಬಾ ಇಷ್ಟ. ಇಲಿ ಒಂದು ಚಿಕ್ಕ ದಾರಿಯಲ್ಲಿ ಓಡಿ, ಸರಿಯಾದ ಕಡೆ ತಿರುಗಿ, ತಿಂಡಿ ಹಿಡಿಯಬೇಕು. ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗದ ನರಕೋಶಗಳು ಹೊಸದರಲ್ಲಿ ದಾರಿಯುದ್ದಕ್ಕೂ ಮಿಡಿಯುತ್ತಿದ್ದವು. ಓಟ ಪಳಗಿದ ಮೇಲೆ ಮಧ್ಯದ ಸದ್ದು ಅಡಗಿತು. ಓಟ ಶುರುವಾಗುವಾಗ ಒಮ್ಮೆ ಜೋರು, ಮುಗಿಯುವಾಗ ಒಮ್ಮೆ ಜೋರು, ಅಷ್ಟೆ. ಮಿದುಳು ಇಡೀ ಕೆಲಸವನ್ನು ಒಂದು ಗಂಟಿನಂತೆ ಕಟ್ಟಿ, ಎರಡು ತುದಿ ಮಾತ್ರ ಹಿಡಿದುಕೊಂಡಿತ್ತು.

ಆದರೆ ಮನುಷ್ಯರ ವ್ಯಾಯಾಮ ಇಲಿಯ ಓಟದಷ್ಟು ಸರಳ ಅಲ್ಲ. ಇಪ್ಪತ್ತನೇ ಬಸ್ಕಿ ಯಾವತ್ತೂ ತಾನಾಗಿಯೇ ಆಗಿಬಿಡುವುದಿಲ್ಲ. ಹತ್ತು ವರ್ಷ ಮಾಡಿದವರಿಗೂ ಅದಕ್ಕೆ ಬಲ ಬೇಕು, ಗಮನ ಬೇಕು, ಉಸಿರು ಬೇಕು. ಹಾಗಾದರೆ ವ್ಯಾಯಾಮ ರೂಢಿಯಾಯಿತು ಅಂತೀವಲ್ಲ, ಅಲ್ಲಿ ರೂಢಿಯಾದದ್ದು ಯಾವುದು?

2016ರಲ್ಲಿ ಅಲಿಸನ್ ಫಿಲಿಪ್ಸ್ ಮತ್ತು ಬೆಂಜಮಿನ್ ಗಾರ್ಡ್ನರ್ ಇದನ್ನೇ ಬೇರ್ಪಡಿಸಿ ನೋಡಿದರು. ವ್ಯಾಯಾಮಕ್ಕೆ ಇಳಿಯುವ ರೂಢಿ ಒಂದು. ಇಳಿದ ಮೇಲೆ ಇದಾದ ಮೇಲೆ ಇದು ಎಂದು ಮಾಡಿಕೊಂಡು ಹೋಗುವ ರೂಢಿ ಇನ್ನೊಂದು. ಯಾರು ಜಾಸ್ತಿ ಸಲ ವ್ಯಾಯಾಮ ಮಾಡುತ್ತಾರೆ ಎಂಬುದಕ್ಕೆ ನಂಟು ಇದ್ದದ್ದು ಮೊದಲನೆಯದಕ್ಕೆ.

ಇದು ತಿಳಿದ ಮೇಲೆ ನನಗೆ ದೊಡ್ಡ ಭಾರ ಇಳಿದಂತಾಯಿತು. ಅರ್ಧ ಗಂಟೆಯ ಬೆವರನ್ನು ರೂಢಿ ಮಾಡಿಕೊಳ್ಳಬೇಕಿಲ್ಲ. ಮ್ಯಾಟ್ ಮೇಲೆ ಹೋಗಿ ನಿಲ್ಲುವುದನ್ನು ರೂಢಿ ಮಾಡಿಕೊಂಡರೆ ಸಾಕು. ಉಳಿದದ್ದಕ್ಕೆ ಆ ದಿನದ ಶಕ್ತಿ ಎಷ್ಟಿದೆಯೋ ಅಷ್ಟು. ಇನ್ನೊಂದು ಗೊಂದಲವೂ ಇದರಿಂದ ಬಗೆಹರಿಯುತ್ತದೆ. ರೂಢಿಗೆ ಒಂದೇ ಥರ ಇರಬೇಕು, ಆದರೆ ಒಂದೇ ಥರ ಮಾಡಿದರೆ ಬೇಜಾರು, ಅಲ್ವಾ? ಶುರು ಯಾವಾಗಲೂ ಒಂದೇ ಥರ ಇರಲಿ. ಒಳಗಿನದು ಬದಲಾಗಲಿ.

ಇಪ್ಪತ್ತೊಂದು ದಿನದ ಮಾತು

ಯಾವುದೇ ಕೆಲಸ 21 ದಿನ ಮಾಡಿದರೆ ರೂಢಿಯಾಗುತ್ತದೆ ಎಂಬ ಮಾತು ಎಲ್ಲೆಲ್ಲೂ ಓಡಾಡುತ್ತಿದೆ. ಇದರ ಬೇರು 1960ರಲ್ಲಿ ಒಬ್ಬ ಅಮೆರಿಕನ್ ಪ್ಲಾಸ್ಟಿಕ್ ಸರ್ಜನ್ ಬರೆದ ಪುಸ್ತಕದಲ್ಲಿದೆ. ಮುಖದ ಶಸ್ತ್ರಚಿಕಿತ್ಸೆ ಆದವರಿಗೆ ಹೊಸ ಮುಖ ಒಗ್ಗಲು ಕಡಿಮೆ ಎಂದರೂ 21 ದಿನ ಹಿಡಿಯುತ್ತದೆ ಎಂದು ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ದಾಟುತ್ತಾ ‘ಕಡಿಮೆ ಎಂದರೂ’ ಬಿದ್ದುಹೋಯಿತು, ಮುಖದ ವಿಷಯವೂ ಬಿದ್ದುಹೋಯಿತು.

ನಿಜಕ್ಕೂ ಅಳೆದು ನೋಡಿದವರು ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪ್ಪಾ ಲ್ಯಾಲಿ ಮತ್ತು ತಂಡ. 2010ರಲ್ಲಿ ಅಚ್ಚಾದ ಆ ಅಧ್ಯಯನದಲ್ಲಿ 96 ಜನ ಇದ್ದರು. ತಿನ್ನುವ, ಕುಡಿಯುವ ಅಥವಾ ಮೈ ಆಡಿಸುವ ಯಾವುದಾದರೂ ಒಂದು ಹೊಸ ಕೆಲಸವನ್ನು ಅವರು ಆರಿಸಿಕೊಂಡು, ದಿನಕ್ಕೊಮ್ಮೆ ಒಂದೇ ಸನ್ನಿವೇಶದಲ್ಲಿ 84 ದಿನ ಮಾಡಬೇಕಿತ್ತು. ಕೆಲಸ ಎಷ್ಟರ ಮಟ್ಟಿಗೆ ಯೋಚನೆ ಇಲ್ಲದೆ ಆಗುತ್ತಿದೆ ಎಂದು ದಿನವೂ ಗುರುತು ಹಾಕಬೇಕಿತ್ತು. ರೂಢಿ ಗಟ್ಟಿಯಾಗಲು ಬೇಕಾದ ದಿನಗಳ ಮಧ್ಯದ ಲೆಕ್ಕ 66. ಆದರೆ ಒಬ್ಬರಿಗೆ 18 ದಿನ ಸಾಕಾಗಿತ್ತು, ಇನ್ನೊಬ್ಬರಿಗೆ 254 ದಿನ ಬೇಕಿತ್ತು. 84 ದಿನ ದಾಟಿದವರದ್ದು ಗೆರೆಯನ್ನು ಮುಂದಕ್ಕೆ ಎಳೆದು ಹಾಕಿದ ಅಂದಾಜು. ತಿನ್ನುವ, ಕುಡಿಯುವ ರೂಢಿಗಿಂತ ವ್ಯಾಯಾಮದ ರೂಢಿಗೆ ಸುಮಾರು ಒಂದೂವರೆ ಪಟ್ಟು ಸಮಯ ಹಿಡಿದಿತ್ತು.

ಇದನ್ನು ಓದಿ ಎದೆಗುಂದಬೇಡಿ. ಇದೇ ಅಧ್ಯಯನದಲ್ಲಿ ಎರಡು ಒಳ್ಳೆಯ ಸುದ್ದಿಗಳಿವೆ. ಮೊದಮೊದಲ ದಿನಗಳಲ್ಲಿ ಒಂದೊಂದು ಸಲ ಮಾಡಿದಾಗಲೂ ರೂಢಿ ಬೇಗ ಬೇಗ ಏರುತ್ತದೆ, ಆಮೇಲೆ ನಿಧಾನವಾಗುತ್ತದೆ. ಎಂದರೆ ಕಷ್ಟ ಅನ್ನಿಸುವ ದಿನಗಳೇ ಜಾಸ್ತಿ ಗಳಿಸಿಕೊಡುವ ದಿನಗಳು. ಎರಡನೆಯದು ಇನ್ನೂ ಮುಖ್ಯ. ನಡುವೆ ಒಂದು ದಿನ ತಪ್ಪಿದರೆ ಗಟ್ಟಿಯಾಗುತ್ತಿರುವ ರೂಢಿಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ.

ಯಾವಾಗ, ಎಲ್ಲಿ

ಹುಮ್ಮಸ್ಸು ಮತ್ತು ಯೋಜನೆ, ಇವೆರಡರಲ್ಲಿ ಯಾವುದು ನಮ್ಮನ್ನು ಎಬ್ಬಿಸುತ್ತದೆ? 2002ರಲ್ಲಿ ಸಾರಾ ಮಿಲ್ನ್, ಶೀನಾ ಆರ್ಬೆಲ್, ಪ್ಯಾಸ್ಕಲ್ ಶೀರನ್ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ವಿಶೇಷವಾಗಿ ಏನೂ ಹೇಳಲಿಲ್ಲ. ಎರಡನೇ ಗುಂಪಿಗೆ ವ್ಯಾಯಾಮ ಮಾಡಿದರೆ ಹೃದಯಕ್ಕೆ ಎಷ್ಟು ಒಳ್ಳೆಯದು ಎಂದು ಓದಿಸಿ ಹುರಿದುಂಬಿಸಿದರು. ಮೂರನೇ ಗುಂಪಿಗೆ ಅದೇ ಹುರಿದುಂಬಿಕೆಯ ಜೊತೆಗೆ ಒಂದೇ ಒಂದು ಕೆಲಸ ಕೊಟ್ಟರು: ಬರುವ ವಾರ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಮಾಡುತ್ತೀರಿ ಎಂದು ಬರೆಯಿರಿ.

ಆ ವಾರ ವ್ಯಾಯಾಮ ಮಾಡಿದವರು ಮೊದಲ ಗುಂಪಿನಲ್ಲಿ ಶೇ. 38, ಎರಡನೆಯದರಲ್ಲಿ ಶೇ. 35, ಮೂರನೆಯದರಲ್ಲಿ ಶೇ. 91. ಬರೀ ಹುರಿದುಂಬಿಸಿದ್ದರಿಂದ ಆದ ಲಾಭ ಏನೂ ಇಲ್ಲ. ಆಮೇಲೆ ಬಂದ ಅಧ್ಯಯನಗಳಲ್ಲಿ ವ್ಯತ್ಯಾಸ ಇಷ್ಟು ದೊಡ್ಡದಾಗಿ ಕಂಡಿಲ್ಲ ನಿಜ. ಆದರೆ ಯಾವಾಗ, ಎಲ್ಲಿ ಎಂದು ಗೊತ್ತು ಮಾಡಿಕೊಂಡವರೇ ಮುಂದೆ ಇರುವುದು ಮತ್ತೆ ಮತ್ತೆ ಕಂಡಿದೆ.

ಈಗ ಮನೆಯ ವಿಷಯಕ್ಕೆ ಬರೋಣ. ‘ಬೆಳಿಗ್ಗೆ ಆರೂವರೆಗೆ’ ಎಂದು ಗಡಿಯಾರಕ್ಕೆ ಕಟ್ಟಿಹಾಕುವುದಕ್ಕಿಂತ, ದಿನವೂ ತಾನಾಗಿಯೇ ನಡೆಯುವ ಒಂದು ಕೆಲಸದ ಬಾಲಕ್ಕೆ ಕಟ್ಟುವುದು ಒಳ್ಳೆಯದು ಎಂಬುದು ನನ್ನ ಅನುಭವ. ಗಡಿಯಾರ ಆರೂವರೆ ತೋರಿಸಿದ್ದು ನಮಗೆ ಗೊತ್ತೇ ಆಗದಿರಬಹುದು. ಮುಖ ತೊಳೆದು ಒರೆಸಿಕೊಂಡದ್ದು ಗೊತ್ತಾಗದೆ ಇರುವುದಿಲ್ಲ.

ಆ ಕೆಲಸವನ್ನು ಆರಿಸುವಾಗ ಸ್ವಲ್ಪ ಹುಷಾರಾಗಿರಿ. ಅದು ರಜಾದಿನವೂ ನಡೆಯುವಂಥದ್ದಾಗಿರಬೇಕು. ಎಲ್ಲಿ ಮುಗಿಯಿತು ಎಂಬುದು ಸ್ಪಷ್ಟವಾಗಿರಬೇಕು. ಹಲ್ಲುಜ್ಜುವುದಕ್ಕೆ ಮುಗಿಯುವ ಕ್ಷಣ ಇದೆ, ಫೋನ್ ನೋಡುವುದಕ್ಕೆ ಇಲ್ಲ. ‘ಸ್ವಲ್ಪ ಹೊತ್ತು ಫೋನ್ ನೋಡಿ ಆಮೇಲೆ ಮಾಡುತ್ತೇನೆ’ ಎಂಬ ಯೋಜನೆ ಬಿದ್ದುಹೋಗುವುದು ಇದಕ್ಕೇ. ಹೊಟ್ಟೆ ತುಂಬಿದ ತಕ್ಷಣದ ಹೊತ್ತೂ ಬೇಡ. ಸ್ನಾನಕ್ಕೆ ಮುಂಚಿನ ಹೊತ್ತು ಬಹಳ ಜನಕ್ಕೆ ಹೊಂದುತ್ತದೆ. ಬೆವರಿದರೆ ಹೇಗೂ ಸ್ನಾನ ಇದೆ. ಮನೆಯಿಂದಲೇ ಕೆಲಸ ಮಾಡುವವರಿಗೆ ಲ್ಯಾಪ್‌ಟಾಪ್ ಮುಚ್ಚಿದ ಕ್ಷಣ ಚೆನ್ನಾಗಿ ಹೊಂದುತ್ತದೆ. ಆಫೀಸಿಗೂ ಮನೆಗೂ ನಡುವೆ ಒಂದು ಗೆರೆ ಎಳೆದ ಹಾಗೂ ಆಗುತ್ತದೆ.

ಬೆಳಿಗ್ಗೆಯೇ ಮಾಡಬೇಕಾ, ಸಂಜೆ ಮಾಡಬಹುದಾ ಎಂದು ಕೇಳುವವರು ಬಹಳ. ಬೆಳಿಗ್ಗೆ ಅಡ್ಡಿಗಳು ಕಡಿಮೆ, ಅದೊಂದು ಲಾಭ. ಉಳಿದಂತೆ ನಿಮ್ಮ ಮನೆಯಲ್ಲಿ ಯಾವ ಹೊತ್ತು ದಿನವೂ ಒಂದೇ ಥರ ಇರುತ್ತದೋ ಅದೇ ಒಳ್ಳೆಯ ಹೊತ್ತು.

ಇನ್ನು ಜಾಗ. ವೆಂಡಿ ವುಡ್ ಅವರ ಇನ್ನೊಂದು ಅಧ್ಯಯನ 2005ರದ್ದು. ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋದ ವಿದ್ಯಾರ್ಥಿಗಳ ವ್ಯಾಯಾಮ, ಟಿವಿ ನೋಡುವುದು, ಪತ್ರಿಕೆ ಓದುವುದು ಏನಾಯಿತು ಎಂದು ಅದು ಹುಡುಕಿತು. ಹೊಸ ಕಡೆಯಲ್ಲೂ ಹಳೆಯ ಥರದ್ದೇ ಜಾಗ, ಸನ್ನಿವೇಶ ಸಿಕ್ಕವರಲ್ಲಿ ರೂಢಿ ಉಳಿಯಿತು. ಸನ್ನಿವೇಶ ಬದಲಾದವರಲ್ಲಿ ಸಡಿಲವಾಯಿತು. ರೂಢಿಯ ಅರ್ಧ ನಮ್ಮ ತಲೆಯಲ್ಲಿದ್ದರೆ ಇನ್ನರ್ಧ ಜಾಗದಲ್ಲಿರುತ್ತದೆ.

ಆದ್ದರಿಂದ ಮನೆ ಎಷ್ಟೇ ಚಿಕ್ಕದಿರಲಿ, ಒಂದು ಜಾಗವನ್ನು ಇದಕ್ಕೇ ಎಂದು ಗೊತ್ತು ಮಾಡಿಕೊಳ್ಳಿ. ಮಲಗಿ ಕೈ ಚಾಚುವಷ್ಟು ನೆಲ, ಪಕ್ಕದಲ್ಲಿ ಒಂದು ಗಟ್ಟಿ ಗೋಡೆ, ಜಾರದ ಒಂದು ಕುರ್ಚಿ ಇದ್ದರೆ ಆಯಿತು. ನಾನು ಮಾಡಿದ ಬದಲಾವಣೆ ಕೇಳಿದರೆ ಇಷ್ಟೇನಾ ಅನ್ನಿಸಬಹುದು. ಮಂಚದ ಕೆಳಗಿದ್ದ ಮ್ಯಾಟ್ ತೆಗೆದು, ಬಚ್ಚಲಿನಿಂದ ಹೊರಬಂದರೆ ಕಾಲಿಗೆ ತಾಗುವ ಕಡೆ ರಾತ್ರಿಯೇ ಹಾಸಿಟ್ಟು ಮಲಗತೊಡಗಿದೆ. ಬೆಳಿಗ್ಗೆ ಅದನ್ನು ತುಳಿಯದೆ ಆಚೆ ಹೋಗುವಂತಿಲ್ಲ. ವರ್ಷಗಟ್ಟಲೆ ಕೂಡಿಬರದ ಕೆಲಸ ಆ ವಾರದಿಂದ ಕೂಡಿಬಂತು.

ಕೊನೆಯದಾಗಿ ಮೊದಲ ಚಲನೆ. ಮ್ಯಾಟ್ ಮೇಲೆ ನಿಂತು ‘ಇವತ್ತು ಯಾವುದು ಮಾಡಲಿ’ ಎಂದು ಯೋಚಿಸತೊಡಗಿದರೆ ಕೈ ಮತ್ತೆ ಫೋನಿಗೆ ಹೋಗುತ್ತದೆ. ಮೊದಲು ಮಾಡುವುದು ಏನು ಎಂಬುದು ಎಂದೆಂದಿಗೂ ಒಂದೇ ಇರಲಿ. ನನ್ನದು, ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು. ಹತ್ತು ಮುಗಿಯುವ ಹೊತ್ತಿಗೆ ಮೈ ಬಿಸಿಯಾಗಿರುತ್ತದೆ.

ಎಷ್ಟು ಮಾಡಬೇಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ಇದು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ ಮಾಡಬೇಕು, ಇಲ್ಲವೇ 75ರಿಂದ 150 ನಿಮಿಷ ಜೋರಿನದ್ದು. ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವಂಥದ್ದು. 65 ದಾಟಿದವರು ವಾರಕ್ಕೆ ಮೂರು ದಿನ, ಬೀಳದಂತೆ ಸಮತೋಲ ಕಾಪಾಡುವ ಅಭ್ಯಾಸವನ್ನೂ ಸೇರಿಸಿಕೊಳ್ಳಬೇಕು. 150 ನಿಮಿಷವನ್ನು ಏಳು ದಿನಕ್ಕೆ ಹಂಚಿದರೆ ದಿನಕ್ಕೆ 22 ನಿಮಿಷವೂ ಆಗುವುದಿಲ್ಲ.

ಈ ಸಲಹೆಯಲ್ಲಿ ಬಹಳ ಜನರ ಗಮನಕ್ಕೆ ಬಾರದ ಒಂದು ಬದಲಾವಣೆ ಇದೆ. ಹಿಂದಿನ, ಅಂದರೆ 2010ರ ಸಲಹೆಯಲ್ಲಿ ಒಮ್ಮೆಗೆ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕ ಎಂದಿತ್ತು. 2020ರಲ್ಲಿ ಆ ಷರತ್ತನ್ನು ಕೈಬಿಟ್ಟರು. ಮೂರು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಹನಿಗೂಡಿದರೆ ಹಳ್ಳ.

ಹನಿಗಳ ಲೆಕ್ಕಕ್ಕೆ ಒಂದು ಹಳೆಯ ಸಾಕ್ಷಿ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳದ್ದು. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಅಲ್ಲಿನ ಡ್ರೈವರ್‌ಗಳನ್ನೂ ಕಂಡಕ್ಟರ್‌ಗಳನ್ನೂ ಹೋಲಿಸಿ ಬರೆದರು. ದಿನವಿಡೀ ಕೂತಿರುವ ಡ್ರೈವರ್‌ಗಳಿಗಿಂತ, ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು. ಇದಕ್ಕೆ ಮೆಟ್ಟಿಲೊಂದೇ ಕಾರಣ ಎನ್ನಲಾಗದು. ಡ್ರೈವರ್‌ಗಳ ಸೊಂಟದ ಸುತ್ತಳತೆಯೂ ಜಾಸ್ತಿ ಇತ್ತು ಎಂದು ಮಾರಿಸ್ ಅವರೇ ಆಮೇಲೆ ಸಮವಸ್ತ್ರದ ಅಳತೆಗಳನ್ನು ನೋಡಿ ತೋರಿಸಿದರು. ಆದರೂ ನನಗೆ ಆ ಕಂಡಕ್ಟರ್‌ಗಳು ಮತ್ತೆ ಮತ್ತೆ ನೆನಪಾಗುತ್ತಾರೆ. ಅವರಿಗೆ ದಿನವೂ ಹುಮ್ಮಸ್ಸು ಇತ್ತೋ ಇಲ್ಲವೋ, ಮೆಟ್ಟಿಲು ಅಂತೂ ಇತ್ತು.

ಶುರುವಿಗೆ ದಿನಕ್ಕೆ ಎರಡು ನಿಮಿಷ ಸಾಕು. ಎರಡು ವಾರ ಅಷ್ಟೇ ಇರಲಿ, ಜಾಸ್ತಿ ಮಾಡಬೇಕು ಅನ್ನಿಸಿದರೆ ಮಾಡಿ, ಆದರೆ ಒಪ್ಪಂದ ಎರಡೇ ನಿಮಿಷದ್ದು. ಆಮೇಲೆ ಹತ್ತಕ್ಕೆ, ಇಪ್ಪತ್ತಕ್ಕೆ ಏರಬಹುದು. ಏನೇನು ಮಾಡಬೇಕು ಎಂಬುದಕ್ಕೆ ದೊಡ್ಡ ಪಟ್ಟಿ ಬೇಡ. ಕಾಲಿಗೆ, ಕುರ್ಚಿಯಿಂದ ಎದ್ದು ಕೂರುವುದು, ಹಿಮ್ಮಡಿ ಎತ್ತಿ ಇಳಿಸುವುದು. ಎದೆ, ತೋಳಿಗೆ ದಂಡ. ನೆಲದ ಮೇಲೆ ಆಗದಿದ್ದರೆ ಗೋಡೆಗೆ ಕೈಯೂರಿ, ಅದು ಸಲೀಸಾದ ಮೇಲೆ ಅಲುಗಾಡದ ಮೇಜಿನ ಅಂಚಿಗೆ, ಕೊನೆಗೆ ನೆಲಕ್ಕೆ. ಸೊಂಟಕ್ಕೆ, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಮೇಲೆತ್ತುವುದು. ಹೊಟ್ಟೆಗೆ ಪ್ಲ್ಯಾಂಕ್, ಅಂದರೆ ಮೊಣಕೈ ಮತ್ತು ಕಾಲ್ಬೆರಳೂರಿ ಮೈಯನ್ನು ಹಲಗೆಯಂತೆ ನೆಟ್ಟಗೆ ಹಿಡಿಯುವುದು. ಉಸಿರಿಗೆ, ನಿಂತಲ್ಲೇ ಮಂಡಿ ಎತ್ತಿ ನಡೆಯುವುದು. ಸಲಕರಣೆ ಇಲ್ಲದ ಮನೆಯಲ್ಲಿ ಬಿಟ್ಟುಹೋಗುವುದು ಬೆನ್ನಿನ ಎಳೆಯುವ ಕೆಲಸ. ಅದಕ್ಕೆ ಒಂದು ಚೀಲಕ್ಕೆ ಪುಸ್ತಕ ತುಂಬಿ, ಸೊಂಟದಿಂದ ಮುಂದಕ್ಕೆ ಬಾಗಿ, ಬೆನ್ನು ನೆಟ್ಟಗಿಟ್ಟು, ಚೀಲವನ್ನು ಪಕ್ಕೆಯ ಕಡೆ ಎಳೆದುಕೊಳ್ಳಬಹುದು.

ಬಿರುಸು ಅಳೆಯಲು ಯಂತ್ರ ಬೇಕಿಲ್ಲ. ಮಾಡುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದು ಮಧ್ಯಮ. ನಾಲ್ಕು ಪದಕ್ಕೇ ಉಸಿರು ಕಟ್ಟಿದರೆ ಅದು ಜೋರು. ಹೃದಯದ ಕಾಯಿಲೆ ಇದ್ದವರು, ಮೈ ಆಡಿಸಿದಾಗ ಎದೆ ನೋವು ಅಥವಾ ತಲೆಸುತ್ತು ಬರುವವರು, ಗರ್ಭಿಣಿಯರು ಶುರು ಮಾಡುವ ಮುಂಚೆ ವೈದ್ಯರನ್ನು ಕೇಳಲೇಬೇಕು.

ಮೈಯೊಳಗೆ ಏನಾಗುತ್ತಿರುತ್ತದೆ

ಮೂರನೇ ವಾರ ಕನ್ನಡಿ ನೋಡಿ, ತೂಕ ನೋಡಿ, ‘ಏನೂ ಬದಲಾಗಿಲ್ಲವಲ್ಲ’ ಎಂದು ಬಿಟ್ಟವರು ಎಷ್ಟೋ. ಬದಲಾವಣೆ ಆಗಿರುತ್ತದೆ, ಕಾಣುವ ಕಡೆ ಆಗಿರುವುದಿಲ್ಲ. ಮೊದಲ ವಾರಗಳಲ್ಲಿ ಹೆಚ್ಚುವ ಬಲ ಬಹುಪಾಲು ನರಗಳಿಂದ ಬಂದದ್ದು. ಇರುವ ಸ್ನಾಯುವಿನ ಎಳೆಗಳನ್ನೇ ಮಿದುಳು ಜಾಸ್ತಿ ಸಂಖ್ಯೆಯಲ್ಲಿ, ಒಟ್ಟೊಟ್ಟಿಗೆ ಕೆಲಸಕ್ಕೆ ಎಬ್ಬಿಸಲು ಕಲಿಯುತ್ತದೆ. ಸ್ನಾಯು ಕಣ್ಣಿಗೆ ಕಾಣುವಂತೆ ದಪ್ಪವಾಗಲು ಇನ್ನಷ್ಟು ವಾರಗಳು ಬೇಕು. ತೂಕವಂತೂ ವ್ಯಾಯಾಮ ಒಂದರಿಂದಲೇ ಬೇಗ ಇಳಿಯುವುದಿಲ್ಲ. ಹಾಗಾಗಿ ಕನ್ನಡಿಯನ್ನೂ ತೂಕದ ಯಂತ್ರವನ್ನೂ ನಂಬಿ ಹೊರಟವರ ಹುಮ್ಮಸ್ಸು ಮೂರನೇ ವಾರದಲ್ಲೇ ಒಣಗುತ್ತದೆ. ಕುರ್ಚಿಯಿಂದ ಎಷ್ಟು ಸಲ ಎದ್ದಿರಿ, ಮೆಟ್ಟಿಲು ಹತ್ತಿದಾಗ ಏದುಸಿರು ಎಷ್ಟು ಬಂತು, ರಾತ್ರಿ ನಿದ್ದೆ ಹೇಗೆ ಬಂತು, ಇವನ್ನು ಗಮನಿಸಿ. ಇವು ಬೇಗ ಉತ್ತರ ಕೊಡುತ್ತವೆ.

ಮೈಕೈ ನೋವಿನ ಬಗ್ಗೆಯೂ ಒಂದು ಮಾತು. ಹೊಸ ವ್ಯಾಯಾಮ ಮಾಡಿದ ಮಾರನೇ ದಿನ ಶುರುವಾಗಿ ಮೂರು ದಿನದವರೆಗೂ ಕಾಡುವ ನೋವು ಲ್ಯಾಕ್ಟಿಕ್ ಆಸಿಡ್‌ನಿಂದ ಬರುವುದು ಎಂದು ಬಹಳ ಜನ ನಂಬಿದ್ದಾರೆ. ಆದರೆ ಮೈಯಲ್ಲಿ ಲ್ಯಾಕ್ಟೇಟ್ ರೂಪದಲ್ಲಿರುವ ಅದು ಒಂದೆರಡು ಗಂಟೆಯೊಳಗೆ ಇಳಿದುಹೋಗಿರುತ್ತದೆ. ನೋವು ಬರುವುದು ಒಗ್ಗದ ಭಾರಕ್ಕೆ ಸ್ನಾಯುವಿನಲ್ಲಿ ಆಗುವ ಸಣ್ಣ ಸಣ್ಣ ಪೆಟ್ಟಿನಿಂದ. ಅದೇ ವ್ಯಾಯಾಮ ಎರಡನೇ ಸಲ ಮಾಡಿದಾಗ ನೋವು ಕಡಿಮೆ ಇರುತ್ತದೆ. ಸ್ನಾಯು ಅಷ್ಟು ಬೇಗ ಪಾಠ ಕಲಿಯುತ್ತದೆ. ಕೀಲಿನೊಳಗೆ ಚುಚ್ಚಿದಂಥ ನೋವು ಬಂದರೆ ಅದು ಬೇರೆ, ಅಲ್ಲಿಗೆ ನಿಲ್ಲಿಸಿ.

ಹಿತ ಇಲ್ಲದೆ ಬಾಳಿಕೆ ಇಲ್ಲ

ನಾನು ತುಂಬಾ ತಡವಾಗಿ ಅರ್ಥ ಮಾಡಿಕೊಂಡ ವಿಷಯ ಇದು. ಕಷ್ಟಪಟ್ಟಷ್ಟೂ ಫಲ ಎಂದು ನಂಬಿದ್ದೆ. ಬಿಟ್ಟುಬಿಟ್ಟದ್ದೂ ಪ್ರತಿಸಲ ಅದೇ ಕಾರಣಕ್ಕೆ.

ಮಾಡುವಾಗ ಹೇಗನ್ನಿಸುತ್ತದೆ ಎಂಬುದು ಮುಂದೆ ಮಾಡುತ್ತೇವೋ ಇಲ್ಲವೋ ಎಂಬುದನ್ನು ಹೇಳುತ್ತದೆ. 2008ರ ಒಂದು ಅಧ್ಯಯನದಲ್ಲಿ, ಮಧ್ಯಮ ಬಿರುಸಿನ ವ್ಯಾಯಾಮದ ನಡುವೆ ಹಿತ ಅನ್ನಿಸಿದವರು ಆರು ತಿಂಗಳ ನಂತರವೂ, ವರ್ಷದ ನಂತರವೂ ಜಾಸ್ತಿ ಚಟುವಟಿಕೆಯಿಂದ ಇದ್ದರು. ಪ್ಯಾಂಟೆಲೀಮನ್ ಎಕೆಕಾಕಿಸ್ ಎಂಬ ಸಂಶೋಧಕರು ವರ್ಷಗಟ್ಟಲೆ ಇದನ್ನೇ ಅಳೆದಿದ್ದಾರೆ. ಮಾತಾಡಲು ಕಷ್ಟವಾಗುವ ಮಟ್ಟ ದಾಟಿದ ಮೇಲೆ ಬಹುತೇಕ ಎಲ್ಲರಿಗೂ ಹಿತ ಇಳಿಯುತ್ತಾ ಹೋಗುತ್ತದೆ. ಅವರೂ ಜೊತೆಗಾರರೂ 2016ರಲ್ಲಿ ಇನ್ನೊಂದು ಸೊಗಸಾದ ಪ್ರಯೋಗ ಮಾಡಿದರು. ಒಟ್ಟು ಶ್ರಮ ಅಷ್ಟೇ ಇಟ್ಟು, ಜೋರಿನಿಂದ ಶುರು ಮಾಡಿ ನಿಧಾನಕ್ಕೆ ಇಳಿಸುತ್ತಾ ಬಂದರೆ, ಏರಿಸುತ್ತಾ ಹೋದಾಗಿನದಕ್ಕಿಂತ ಒಳ್ಳೆಯ ನೆನಪು ಉಳಿಯುತ್ತಿತ್ತು. ಹಾಗಾಗಿ ಮೈ ಬಿಸಿಯಾದ ಮೇಲೆ ಕಷ್ಟದ್ದನ್ನು ಮೊದಲು ಮುಗಿಸಿಬಿಡಿ. ಕೊನೆಯ ಮೂರು ನಿಮಿಷ ನಿಮಗೆ ಇಷ್ಟವಾದದ್ದಕ್ಕೆ ಇರಲಿ. ನಾಳೆ ನೆನಪಾಗುವುದು ಆ ಮೂರು ನಿಮಿಷ.

ಮಾಡುವ ಮುಂಚೆ ಬರುವ ಬೇಸರವನ್ನು ಪೂರ್ತಿ ನಂಬಬೇಡಿ. 2011ರಲ್ಲಿ ಮ್ಯಾಥ್ಯೂ ರೂಬಿ, ಎಲಿಜಬೆತ್ ಡನ್ ಮತ್ತು ಜೊತೆಗಾರರು, ವ್ಯಾಯಾಮ ಎಷ್ಟು ಖುಷಿ ಕೊಡಬಹುದು ಎಂದು ಮುಂಚೆಯೇ ಜನರನ್ನು ಕೇಳಿದರು. ಜನ ಹೇಳಿದ್ದಕ್ಕಿಂತ, ಮಾಡಿದ ಮೇಲೆ ಸಿಕ್ಕ ಖುಷಿ ಜಾಸ್ತಿ ಇತ್ತು. ಶುರುವಿನ ಕೆಲವು ನಿಮಿಷಗಳ ಕಷ್ಟವೇ ಕಣ್ಣ ಮುಂದೆ ಕಟ್ಟುತ್ತದೆ, ಅದರಾಚೆಯದು ಕಾಣುವುದಿಲ್ಲ, ಅದಕ್ಕೇ ಹೀಗಾಗುತ್ತದೆ.

ಇಷ್ಟವಾದ ಒಂದನ್ನು ಜೊತೆಗೆ ಕಟ್ಟುವ ಉಪಾಯವೂ ಇದೆ. ಕೇಟಿ ಮಿಲ್ಕ್‌ಮನ್ ಮತ್ತು ಜೊತೆಗಾರರು ಬಿಡಲಾಗದಂಥ ಆಡಿಯೋ ಕಥೆಗಳನ್ನು ಜಿಮ್‌ನಲ್ಲಿ ಮಾತ್ರ ಕೇಳಲು ಸಿಗುವಂತೆ ಮಾಡಿದರು. 2014ರಲ್ಲಿ ಅಚ್ಚಾದ ಲೆಕ್ಕದ ಪ್ರಕಾರ ಆ ಗುಂಪಿನವರು ಮೊದಮೊದಲು ಉಳಿದವರಿಗಿಂತ ಶೇ. 51ರಷ್ಟು ಜಾಸ್ತಿ ಸಲ ಜಿಮ್‌ಗೆ ಬಂದರು. ಆದರೆ ವಾರ ಕಳೆದಂತೆ ವ್ಯತ್ಯಾಸ ಕರಗಿತು. ಒಂದು ರಜೆಯ ನಂತರ ಅದು ಉಳಿಯಲೇ ಇಲ್ಲ. ನಾನು ಇದರಿಂದ ತಿಳಿದುಕೊಂಡದ್ದು ಇಷ್ಟು. ಮ್ಯಾಟ್ ಮೇಲಿದ್ದಾಗ ಮಾತ್ರ ಕೇಳುವ ಹಾಡುಗಳು, ಕಥೆಗಳು ಇದ್ದರೆ ಒಳ್ಳೆಯದು. ಆದರೆ ಅದು ಸಿಹಿ ಅಷ್ಟೆ. ಕಂಬ ಅಂದರೆ ಸುಳಿವು ಮತ್ತು ಜಾಗ.

ತಪ್ಪಿದ ಮೇಲೆ

ತಪ್ಪಿಯೇ ತಪ್ಪುತ್ತದೆ. ಜ್ವರ ಬರುತ್ತದೆ, ನೆಂಟರು ಬರುತ್ತಾರೆ, ಪ್ರಯಾಣ ಬರುತ್ತದೆ. ಒಂದು ದಿನ ತಪ್ಪಿದರೆ ರೂಢಿ ಕೆಡುವುದಿಲ್ಲ ಎಂದು ಆಗಲೇ ನೋಡಿದೆವು. ಕೆಡಿಸುವುದು ಆ ದಿನದ ನಂತರ ನಾವು ನಮಗೇ ಹೇಳಿಕೊಳ್ಳುವ ಮಾತು. ಜಾನೆಟ್ ಪೊಲಿವಿ ಮತ್ತು ಪೀಟರ್ ಹರ್ಮನ್ ಇದನ್ನು ಊಟದ ಪಥ್ಯ ಮಾಡುವವರಲ್ಲಿ ಕಂಡರು. ಪಥ್ಯ ಮುರಿಯಿತು ಎಂದು ಗೊತ್ತಾದ ಕೂಡಲೇ ಅವರು ಕಡಿಮೆ ತಿನ್ನುವ ಬದಲು ಇನ್ನೂ ಜಾಸ್ತಿ ತಿನ್ನುತ್ತಿದ್ದರು. ನೀರಿಗೆ ಇಳಿದವರಿಗೆ ಚಳಿಯೇನು, ಮಳೆಯೇನು ಎಂಬ ಥರ. ಆ್ಯಪ್‌ನಲ್ಲಿ ನಲವತ್ತು ದಿನದ ಸರಪಳಿ ಕಡಿದಾಗ ಆಗುವುದೂ ಇದೇ. ಅದಕ್ಕೇ ನಾನು ಸರಪಳಿ ಎಣಿಸುವುದನ್ನು ಬಿಟ್ಟು, ಕ್ಯಾಲೆಂಡರಿನಲ್ಲಿ ಮಾಡಿದ ದಿನಕ್ಕೆ ಒಂದು ಚುಕ್ಕೆ ಇಡುತ್ತೇನೆ. ತಿಂಗಳ ಕೊನೆಗೆ ಚುಕ್ಕೆ ಎಣಿಸುತ್ತೇನೆ. ಇಪ್ಪತ್ತನಾಲ್ಕು ಚುಕ್ಕೆ ಎಂದರೆ ಇಪ್ಪತ್ತನಾಲ್ಕೇ. ಒಂದು ದಿನ ತಪ್ಪಿದರೆ ಅದು ಸೊನ್ನೆಗೆ ಇಳಿಯುವುದಿಲ್ಲ.

ಕೆಟ್ಟ ದಿನಗಳಿಗೆ ಒಂದು ಚಿಕ್ಕ ರೂಪ ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ. ಅದೇ ಹೊತ್ತು, ಅದೇ ಜಾಗ, ಅದೇ ಹತ್ತು ಸಲ ಎದ್ದು ಕೂರುವುದು, ಮುಗಿಯಿತು. ವ್ಯಾಯಾಮ ಕಡಿಮೆಯಾಯಿತು, ಆದರೆ ಶುರು ಮಾಡುವ ರೂಢಿಗೆ ಒಂದು ದಿನ ಕೂಡಿತು. ಜ್ವರ ಇದ್ದಾಗ ಮಾತ್ರ ಇದೂ ಬೇಡ, ಮಲಗಿ. ಗಳಿಸಿದ ಬಲ ಒಂದೆರಡು ವಾರದಲ್ಲಿ ಕರಗಿಹೋಗುವುದಿಲ್ಲ. ಅದನ್ನು ಉಳಿಸಿಕೊಳ್ಳಲು, ಗಳಿಸಲು ಬೇಕಾದದ್ದಕ್ಕಿಂತ ತುಂಬಾ ಕಡಿಮೆ ಶ್ರಮ ಸಾಕು. ಜ್ವರದಿಂದ ಎದ್ದ ಮೇಲೆ, ಮೊದಲು ಮಾಡುತ್ತಿದ್ದುದರ ಅರ್ಧದಿಂದ ಶುರು ಮಾಡಿ. ಪ್ರಯಾಣದಲ್ಲಿ ಮ್ಯಾಟ್ ಇರುವುದಿಲ್ಲ, ಆದರೆ ಮುಖ ಒರೆಸಿಕೊಳ್ಳುವ ಕ್ಷಣ ಮತ್ತು ಒಂದು ಕುರ್ಚಿ ಹೆಚ್ಚುಕಡಿಮೆ ಎಲ್ಲ ಕಡೆ ಇರುತ್ತದೆ. ಸುಳಿವನ್ನು ಕೆಲಸಕ್ಕೆ ಕಟ್ಟಿದ ಲಾಭ ಇಲ್ಲಿ ಗೊತ್ತಾಗುತ್ತದೆ.

ಮನೆಯವರಿಗೆ ಹೇಳಿಡಿ. ‘ಈ ಹದಿನೈದು ನಿಮಿಷ ನನ್ನನ್ನು ಕರೆಯಬೇಡಿ’ ಎಂದು ಹೇಳುವುದಕ್ಕಿಂತ, ಜೊತೆಗೆ ಬನ್ನಿ ಎಂದು ಕರೆಯುವುದು ಕೆಲವು ಮನೆಗಳಲ್ಲಿ ಸುಲಭ. ಮಕ್ಕಳಂತೂ ಕರೆಯದೆಯೂ ಬಂದು ಬೆನ್ನ ಮೇಲೆ ಕೂರುತ್ತಾರೆ. ಕೂರಲಿ, ಪ್ಲ್ಯಾಂಕ್ ಗಟ್ಟಿಯಾಗುತ್ತದೆ.

ರೂಢಿ ಆಯಿತೋ ಇಲ್ಲವೋ ಎಂದು ತಿಳಿಯಲು ಸಂಶೋಧಕರ ಬಳಿ ಒಂದು ಪ್ರಶ್ನಾವಳಿ ಇದೆ. 2003ರಲ್ಲಿ ಬಾಸ್ ವರ್ಪ್ಲಾಂಕೆನ್ ಮತ್ತು ಶೀನಾ ಆರ್ಬೆಲ್ ಮಾಡಿದ್ದು. ಎಷ್ಟು ತೂಕ ಇಳಿಯಿತು, ಹುಮ್ಮಸ್ಸು ಎಷ್ಟಿದೆ ಎಂದು ಅದು ಕೇಳುವುದಿಲ್ಲ. ಯೋಚಿಸದೆಯೇ ಮಾಡುತ್ತೀರಾ, ಮಾಡದಿದ್ದರೆ ಏನೋ ಒಂಥರಾ ಅನ್ನಿಸುತ್ತದಾ ಎಂದು ಕೇಳುತ್ತದೆ. ಅದರಲ್ಲಿ ಇನ್ನೊಂದು ಪ್ರಶ್ನೆ ಇದೆ: ಮಾಡುತ್ತಿದ್ದೇನೆ ಎಂದು ಗಮನಕ್ಕೆ ಬರುವ ಮುಂಚೆಯೇ ಶುರು ಮಾಡಿಬಿಟ್ಟಿರುತ್ತೀರಾ? ನನಗೆ ಅದು ಆದದ್ದು ಐದನೇ ತಿಂಗಳಲ್ಲಿ. ಯಾವುದೋ ಚಿಂತೆಯಲ್ಲಿ ಮುಖ ಒರೆಸಿಕೊಳ್ಳುತ್ತಾ ಹೊರಬಂದಿದ್ದೆ. ಚಿಂತೆಯಿಂದ ಆಚೆ ಬಂದು ನೋಡಿದರೆ ಕುರ್ಚಿಯಿಂದ ಏಳುತ್ತಿದ್ದೆ, ಲೆಕ್ಕ ಆರಕ್ಕೆ ಬಂದಿತ್ತು.